ಅಂಚಿಗೆ ಕೆಂಪು ದಾರ

ಅರ್ಧ ಕಿಲೋಮೀಟರು ಉದ್ದದ ಉಕ್ಕಿನ ಕೊಳವೆ.
ಒಳಗೆ ಏನೂ ಇಲ್ಲ.
ಆ ಏನೂ ಇಲ್ಲದ್ದನ್ನು ಮಾಡುವುದಕ್ಕೆ
ಎಂಟು ದಿನ ಪಂಪು ಓಡಿಸಿದ್ದಾನೆ ಓಡೆಲ್ ಪ್ರೂಯಿಟ್.
ಈಗಲೂ ಕಾವಲು ಕೂತಿದ್ದಾನೆ, ಮಡಿಲಲ್ಲಿ ಕಡಲೆಕಾಯಿ,
ಉಪ್ಪುನೀರಲ್ಲಿ ಬೇಯಿಸಿದ್ದು, ಅಲಬಾಮಾದ ರೂಢಿ.

ಆ ತುದಿಯಲ್ಲಿ ಒಂದು ಚೂರು ಅಲ್ಯೂಮಿನಿಯಂ.
ಎಲೆಕ್ಟ್ರಾನು ಬಡಿದಾಗಲೆಲ್ಲ ಅದರದು ಒಂದೇ ಮಾತು:
ಎಂಟು ಪಾಯಿಂಟ್ ಮೂರು ನಾಲ್ಕು ಆಂಗ್‌ಸ್ಟ್ರಾಂ.
ಹಬ್ಬಕ್ಕೂ ಅದೇ, ಸೂತಕಕ್ಕೂ ಅದೇ.
ಈ ತುದಿಯಲ್ಲಿ ಕನ್ನಡಿಗಳು, ಅವುಗಳ ಬೆನ್ನಿಗೆ
ಬಳೆಯಂಥ ಚೌಕಟ್ಟು,
ಚೌಕಟ್ಟಿನ ತುಂಬ ಮುನ್ನೂರು ಪುಟ್ಟ ಕಿಟಕಿ,
ಕಿಟಕಿಗೆ ಚಿನ್ನದ ಸರಳು.
ಕೂದಲೊಂದರ ಅಗಲಕ್ಕೆ ನಾನೂರು.

ಗೊತ್ತಿರುವ ಬೆಳಕನ್ನು ಕಳಿಸಿ
ಗೊತ್ತಿಲ್ಲದ ಕಿಟಕಿಯನ್ನು ಅಳೆಯುವುದು ನಮ್ಮ ಪಾಳಿಯ ಕೆಲಸ.
ಮೇಲೆ ಹೋದಮೇಲೆ ತಿರುವುಮುರುವು.

ರಾತ್ರಿ ಎರಡೂವರೆ. ಪರದೆಯ ನಡುವೆ ದಪ್ಪ ಚುಕ್ಕೆ,
ಅದರ ಎಡಬಲಕ್ಕೆ ಸಾಲುಚುಕ್ಕೆ, ಗೆರೆ ಎಳೆದಷ್ಟು ನೇರ.
ಗೆರೆಯಿಂದ ಕೊಂಚ ಕೆಳಗೆ
ಪಂಕ್ತಿ ತಪ್ಪಿ ಕೂತ ಇನ್ನೊಂದು, ಮಸುಕು.
ಮೊದಲು ಗೂಡ್ಸ್ ರೈಲನ್ನು ಬೈದೆವು.
ರೈಲು ಹೋಯಿತು, ಚುಕ್ಕೆ ಹೋಗಲಿಲ್ಲ.
ಆಮೇಲೆ ಡಿಟೆಕ್ಟರನ್ನು, ಪ್ರೋಗ್ರಾಮನ್ನು,
ಅದನ್ನು ಬರೆದವನನ್ನು, ಅವನ ಊರನ್ನು.
ಕೊನೆಗೆ ಒಂದೊಂದೇ ಪಡಖಾನೆ ಮುಚ್ಚಿ ಮುಚ್ಚಿ ನೋಡಿದರೆ
ಬಳೆಯ ಎಡಗಡೆ ಕಿಟಕಿಗಳು ಆರು,
ಕೂರಿಸಿದವರ ಕೈ ಆ ದಿನ ಎಲ್ಲಿತ್ತೋ,
ಮೂರು ಡಿಗ್ರಿಯಷ್ಟು ಓರೆ.

ವರ್ಲೀನ್ ಟಿಡ್ಮೋರ್ ನನ್ನನ್ನು ಕಾರು ನಿಲ್ಲಿಸುವ ಬಯಲಿಗೆ ಕರೆದಳು.
ಜನವರಿಯ ಚಳಿ, ದೂರದಲ್ಲಿ ಸೋಡಿಯಂ ದೀಪ.
ಕೋಟಿನ ಜೇಬಿಂದ ಕರವಸ್ತ್ರ ತೆಗೆದು
ನನ್ನ ಕಣ್ಣೆದುರು ಬಿಗಿದು ಹಿಡಿದಳು: ನೋಡು.
ದೀಪ ಒಡೆದು ಶಿಲುಬೆಯಾಗಿತ್ತು.
ಒಂದು ಮೂಲೆ ಹಿಡಿದು ಜಗ್ಗಿದಳು.
ಹೊಕ್ಕು ಓರೆಯಾಯಿತು,
ಶಿಲುಬೆಯ ಒಂದು ತೋಳು ಜೋತುಬಿತ್ತು.

ಅವಳ ತಾಯಿ ಓಜೆಲ್ಲಾ ಇದೇ ಊರಿನ ಹತ್ತಿಗಿರಣಿಯಲ್ಲಿ
ಇಪ್ಪತ್ತಾರು ವರ್ಷ ಬಟ್ಟೆ ನೋಡಿದವಳು.
ದೀಪದ ಮೇಜಿನ ಮೇಲೆ ಥಾನು ಹರಿಯುತ್ತಿತ್ತು, ಹೊಳೆಯ ಹಾಗೆ;
ಎಳೆ ತಪ್ಪಿದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.
ಬಿಚ್ಚುತ್ತಿರಲಿಲ್ಲ.
ಬಿಚ್ಚಿದರೆ ಪಕ್ಕದ್ದೂ ಬಿಚ್ಚಿಕೊಳ್ಳುತ್ತೆ.
ತಪ್ಪಿನ ನೇರಕ್ಕೆ ಅಂಚಿಗೊಂದು ಕೆಂಪು ದಾರ ಕಟ್ಟಿ
ಮುಂದಕ್ಕೆ ಬಿಡುತ್ತಿದ್ದಳು.
ಎಲ್ಲೋ ಯಾವುದೋ ಪಟ್ಟಣದಲ್ಲಿ, ಅವಳು ಕಾಣದ ಕತ್ತರಿಯೊಂದು
ಆ ದಾರ ಕಂಡು ನಾಲ್ಕು ಬೆರಳು ಸರಿದು ಕತ್ತರಿಸುತ್ತಿತ್ತು.

ಒಳಗೆ ಬಂದರೆ ಹುಡುಗ ಪ್ರೆಂಟಿಸ್ ಸಿದ್ಧವಾಗಿದ್ದ:
ತೆರೆಯೋಣ, ಆರನ್ನೂ ತಿರುಗಿಸೋಣ.
ಓಡೆಲ್ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿ
ಅವನನ್ನೇ ನೋಡಿದ. ಎಂಟು ದಿನದ ಶೂನ್ಯ ಅವನದು.
ಉಸಿರು ತಾಗಿದರೆ ಹರಿಯುವ ಪೊರೆಯ ಮೇಲೆ ಕೂತ ಚಿನ್ನ;
ಆರು ಸರಿಪಡಿಸುವ ಕೈ ಅರವತ್ತು ಕೆಡಿಸೀತು.
ವರ್ಲೀನ್ ಕುರ್ಚಿ ಎಳೆದುಕೊಂಡು, ಬರಿ, ಅಂದಳು.
ಬರೆದೆ. ಕಿಟಕಿಯ ಸಂಖ್ಯೆ, ಓರೆಯ ಕೋನ,
ಓರೆ ಯಾವ ಕಡೆಗೆ,
ಯಾವ ಬೆಳಕಿಗೆ ಎಷ್ಟು ದೂರ ತಪ್ಪಿ ಬೀಳುತ್ತೆ.

ಒಂದು ದಿನ ಸತ್ತ ನಕ್ಷತ್ರವೊಂದರ ಬಿಸಿ ಬೂದಿಯಿಂದ
ಹೊರಟ ಬೆಳಕು ಈ ಸರಳುಗಳ ನಡುವೆ ತೂರುತ್ತೆ.
ಯಾವಳೋ ಹುಡುಗಿ, ಇನ್ನೂ ಹುಟ್ಟಿಲ್ಲದವಳು,
ಪಂಕ್ತಿ ತಪ್ಪಿದ ಚುಕ್ಕೆ ಕಂಡು
ಹೊಸದೇನೋ ಸಿಕ್ಕಿತೆಂದು ಎದ್ದು ನಿಲ್ಲುತ್ತಾಳೆ.
ನಿಂತಲ್ಲೇ ನಮ್ಮ ಕಡತ ತೆರೆದು ಓದುತ್ತಾಳೆ.
ಮತ್ತೆ ಕೂರುತ್ತಾಳೆ.
ಅವಳ ಮುಖ ನೆನೆದರೆ ಕೊಂಚ ಬೇಸರ ನನಗೆ.

ಐದು ಕಿಟಕಿ ಮುಗಿಯಿತು. ಆರನೆಯದರ ಲೆಕ್ಕ
ಒಮ್ಮೆ ಎರಡೂವರೆ ಅಂದರೆ ಇನ್ನೊಮ್ಮೆ ಮೂರು.
ಬೆಳಗಾಗಿತ್ತು. ಓಡೆಲ್ ಕಡಲೆಕಾಯಿಯ ಪೊಟ್ಟಣ ಚಾಚಿದ.
ಗೊತ್ತಾಗುತ್ತಿಲ್ಲ, ಅಂದೆ.
ಅದನ್ನೂ ಬರಿ, ಅಂದಳು.