ಮೂಲೆಯ ಮೇಜು

ಶಸ್ತ್ರಚಿಕಿತ್ಸೆಯವರು ಹಂದಿಯ ಕಾಲು ತಂದಿದ್ದರು.
ಹುಡುಗರು ಸಾಲುಗಟ್ಟಿ ಹೊಲಿಗೆ ಹಾಕುತ್ತಿದ್ದರು,
ನಾಲಿಗೆಯ ತುದಿ ಹಲ್ಲಿನ ನಡುವೆ.
ಹೃದಯದವರಲ್ಲಿ ಬಡಿಯುವ ಪ್ಲಾಸ್ಟಿಕ್ ಹೃದಯ,
ಮಕ್ಕಳ ವಿಭಾಗದವರಲ್ಲಿ ಬಲೂನು, ಕೇಕು.
ನನ್ನ ಮೇಜು ಮೂಲೆಯಲ್ಲಿ, ಕೋಟು ನೇತುಹಾಕುವ ಗೂಟದ ಪಕ್ಕ:
ಒಂದು ಬಟ್ಟಲು ಟಾಫಿ,
ಹೆಸರು ಬರೆಯಲು ಹಾಳೆ, ದಾರ ಕಟ್ಟಿದ ಪೆನ್ನು,
ಮತ್ತೆ ಒಂದು ಮುಖ.

ಮುಖವೆಂದರೆ ಬಿಳಿ ಪ್ಲಾಸ್ಟಿಕ್ಕಿನ ಜಾಳಿಗೆ.
ಬಿಸಿನೀರಲ್ಲಿ ಅದ್ದಿದರೆ ಒದ್ದೆ ರೊಟ್ಟಿಯ ಹಾಗೆ ಮೆತ್ತಗಾಗಿ
ಹಣೆ, ಮೂಗು, ಗದ್ದಕ್ಕೆ ಕೂರುತ್ತದೆ;
ಆರಿದ ಮೇಲೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.
ತಲೆ ಅಲುಗಬಾರದು.
ನಮ್ಮ ಕಿರಣದ್ದು ಕೂದಲೆಳೆಯ ಲೆಕ್ಕ.

ಡೀನ್ ಹೇಳಿದ್ದರು, "ಪಿನ್, ಈ ಸಲವಾದರೂ ಒಬ್ಬರನ್ನು ಹಿಡಿ.
ನಿನ್ನ ಹತ್ತಿರದ ಸೀಟು ಮೂರು ವರ್ಷದಿಂದ ಖಾಲಿ."
ಹಿಡಿಯುವುದಕ್ಕೆ ಇವರೇನು ಕಾಡ್ ಮೀನೇ?
ನ್ಯೂಫೌಂಡ್‌ಲ್ಯಾಂಡಿನಲ್ಲಿ ಈಗ ಅದೂ ಮೊದಲಿನಷ್ಟು ಸುಲಭವಲ್ಲ.

ಎತ್ತರದ ಹುಡುಗನೊಬ್ಬ ಭೌತಶಾಸ್ತ್ರ ಇದೆಯಾ ಅಂದ. ಇದೆ ಅಂದೆ.
ಟಾಫಿ ಬಾಯಿಗೆಸೆದುಕೊಂಡು ಹೃದಯದ ಕಡೆ ನಡೆದ.
ಇನ್ನೊಬ್ಬಳಿಗೆ ಕಿಟಕಿ ಬೇಕಿತ್ತು.
ನಮ್ಮದು ನೆಲಮಾಳಿಗೆ, ಆಳುದ್ದ ದಪ್ಪದ ಕಾಂಕ್ರೀಟು;
ಹೊರಗೆ ಹಿಮ ಬಿದ್ದದ್ದು ನಮಗೆ ತಿಳಿಯುವುದು
ರೋಗಿಗಳ ಬೂಟಿನಿಂದ.
ಮತ್ತೊಬ್ಬ ದನಿ ತಗ್ಗಿಸಿ,
"ನಿಮ್ಮವರೆಲ್ಲ ಕೊನೆಗೆ ಸಾಯುತ್ತಾರಲ್ಲವೇ?"
ಹೃದಯದವರ ರೋಗಿಗಳು ಚಿರಂಜೀವಿಗಳೇ ಎಂದು ಬಾಯಿಗೆ ಬಂತು. ನುಂಗಿದೆ.
ಕೆಲವರು ಹತ್ತು ವರ್ಷದಿಂದ
ಕ್ರಿಸ್‌ಮಸ್ಸಿಗೆ ಉಪ್ಪುಮೀನು ಕಳಿಸುತ್ತಾರಪ್ಪ, ಅಂದೆ.
ಅವನು ಅದನ್ನು ಬರೆದುಕೊಳ್ಳಲಿಲ್ಲ.

ಮೇಜು ಮಡಚುವ ಹೊತ್ತಿಗೆ ಬಂದಳು ಥೆಕ್ಲಾ ಕ್ರಿಚ್.
ಕೇಳದೆಯೇ ಮುಖವೆತ್ತಿಕೊಂಡಳು,
ತಿರುಗಿಸಿ ಒಳಗಡೆಯಿಂದ ನೋಡಿದಳು.
ಎಲ್ಲರೂ ನೋಡುವುದು ಹೊರಗಿನಿಂದ.

"ಅಪ್ಪನದು ನಮ್ಮ ಬಲೆಯ ಕೊಟ್ಟಿಗೆಯಲ್ಲಿದೆ," ಅಂದಳು,
"ತೇಲುಗುಂಡುಗಳ ನಡುವೆ, ಮೊಳೆಗೆ.
ಕಟ್ಟಕಡೆಯ ಸಿಗರೇಟು ಅದರ ಬಾಯಿಗೆ ಸಿಕ್ಕಿಸಿದ್ದಾನೆ."

ಟ್ವಿಲಿಂಗೇಟಿನ ಕ್ರಿಚ್. ಮೂವತ್ತೈದು ದಿನ.
ಗಂಟಲು ನೆನಪಾಯಿತು, ಎಡಮಗ್ಗುಲ ಗಂಟು ಕೂಡ.
ಮುಖ ನೆನಪಾಗಲಿಲ್ಲ.

"ಬಾಗಿಲು ಹಾಕಿ ನೀವೆಲ್ಲ ಹೊರಗೆ ಹೋದ ಮೇಲೆ
ಒಳಗಿನದು ಕೇಳಿಸುತ್ತದಾ?"
ಕ್ಯಾಮೆರಾ ಇದೆ, ಮೈಕೂ ಇದೆ ಅಂದೆ.
"ಹಾಗಾದರೆ ನೀವು ಕೇಳಿರಬೇಕು.
ಹಲ್ಲು ಕಚ್ಚಿಕೊಂಡೇ ಬಂದರುಗಳ ಹೆಸರು ಹೇಳುತ್ತಿದ್ದನಂತೆ,
ಮನೆಯಿಂದ ಇಲ್ಲಿಗೆ ದೋಣಿಯಲ್ಲಿ ಬಂದ ಹಾಗೆ
ಫೋಗೋ, ಗ್ರೀನ್ಸ್‌ಪಾಂಡ್, ಬೋನಾವಿಸ್ಟಾ...
ಕೆಟಲೀನಾ ದಾಟುವಷ್ಟರಲ್ಲಿ ಯಂತ್ರ ನಿಲ್ಲುತ್ತಿತ್ತು.
ಒಂದು ದಿನವೂ ಸೇಂಟ್ ಜಾನ್ಸ್ ಮುಟ್ಟಲಿಲ್ಲ."

ಹೂಂ ಅನ್ನಬಹುದಿತ್ತು.
ಹದಿನೆಂಟು ವರ್ಷದ ಭಾಷಣ ನಾಲಿಗೆಯ ಮೇಲೇ ಇತ್ತು:
ಕತ್ತಿಯಿಲ್ಲದೆ ಗಡ್ಡೆ ಕರಗಿಸುತ್ತೇವೆ,
ದನಿಪೆಟ್ಟಿಗೆ ಉಳಿಸುತ್ತೇವೆ.
ಉಳಿಸಿದ್ದೂ ನಿಜ.
ಅದು ಆಡಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

"ಇಲ್ಲ," ಅಂದೆ.

ಅವಳು ತಲೆಯಾಡಿಸಿದಳು, ಬೈಯಲಿಲ್ಲ.
ಟಾಫಿ ಒಂದು ಬಾಯಿಗೆ, ಒಂದು ಜೇಬಿಗೆ.
ಹಾಳೆಯ ಮೇಲೆ ಆ ದಿನದ ಒಂದೇ ಹೆಸರು;
ಆಸಕ್ತಿಯ ಕ್ಷೇತ್ರ ಎಂಬಲ್ಲಿ "ಗೊತ್ತಿಲ್ಲ";
ಫೋನಿನ ಕೊನೆಯ ಅಂಕೆ ಒಂದೋ ಏಳೋ, ಈಗಲೂ ಅನುಮಾನ.

ನಾಲ್ಕಕ್ಕೆ ನೆಲಮಾಳಿಗೆ.
ಶಾಲಾ ಬಸ್ಸಿನ ಡ್ರೈವರ್ ಹೆಂಗಸು, ತಲೆಯೊಳಗೆ ಗಡ್ಡೆ,
ಹನ್ನೊಂದನೆಯ ದಿನ.
ಮುಖ ಬಿಗಿದರು. ಬಾಗಿಲು ಸರಿಯಿತು.
ರೇಡಿಯೋ ಆರಿಸು ಅಂದೆ.
ಯಾರೂ ಮುಟ್ಟದ ಗುಂಡಿಯೊಂದಿತ್ತು, ಬಲಕ್ಕೆ ತಿರುಗಿಸಿದೆ.

ಮೊದಲು ಯಂತ್ರದ ಗೊರಗೊರ.
ಆಮೇಲೆ ಹಲ್ಲುಗಳ ಸಂದಿಯಿಂದ ಏನೋ.
ಕಿವಿಗೊಟ್ಟೆ.

"ಏನಾದರೂ ತೊಂದರೆಯಾ ಡಾಕ್ಟರ್?"
ಮಾನಿಟರಿನ ಮುಂದಿನ ಹುಡುಗ ಗಾಬರಿಯಾದ.

ಶ್, ಅಂದೆ.
ಅಡುಗೆ ಹೇಳುತ್ತಿದ್ದಾಳೆ.
ತಾಳು,
ಈಗ ಈರುಳ್ಳಿ ಹಾಕುತ್ತಾಳೆ.