ಅಂಥ ಗುರುತು

ಮಸಿ ಹಚ್ಚುವುದು ನನ್ನ ಪಾಲಿನ ಕೆಲಸ.
ಬಂಡಿಹಟ್ಟಿ ಶಾಲೆ, ಮತಗಟ್ಟೆ ನೂರಾ ಹದಿನೇಳು,
ಗೋಡೆಗೆ ಹದಿಮೂರರ ಮಗ್ಗಿ, ಅದರ ಕೆಳಗೆ ನಾನು,
ಒಂದು ಸೀಸೆ, ಒಂದು ಕಡ್ಡಿ.
ಮುಖ ನೋಡುವುದು ಪಕ್ಕದವರ ಕೆಲಸ,
ನಾನು ಉಗುರು ನೋಡುತ್ತೇನೆ:
ಅದಿರಿನ ಕೆಂಪು ಕಚ್ಚಿದ್ದು, ಗೋರಂಟಿಯದು,
ಬಾಗಿಲ ಸಂದಿಗೆ ಸಿಕ್ಕು ಕಪ್ಪಾದದ್ದು,
ಒಬ್ಬ ಮುದುಕನದು ಉಗುರೇ ಇರಲಿಲ್ಲ,
ಇರಬೇಕಾದ ಜಾಗಕ್ಕೆ ಹಚ್ಚಿದೆ.

ಹನ್ನೊಂದೂವರೆಗೆ ಬಂದಳು ಸುಂಕಲಮ್ಮ,
ಮುಂಡರಗಿ ಕಡೆ ಜೀನ್ಸ್ ತೊಳೆಯುವ ಯೂನಿಟ್ಟಿನವಳು.
ಚೀಟಿ ಸರಿ, ಫೋಟೋ ಸರಿ, ಗಂಡನ ಹೆಸರೂ ಸರಿ.
ಕೈ ಚಾಚಿದಳು.
ಹತ್ತೂ ಬೆರಳು ನೀಲಿ.
ಉಗುರಿನ ಸಂದಿ, ಗೆಣ್ಣಿನ ಗೆರೆ,
ಅಂಗೈಯ ಆಯುಷ್ಯದ ರೇಖೆ ಕೂಡ.

‘ಹಾಕಿ ಬಂದಾಳ!’ ಎಂದ ಒಂದು ಪಕ್ಷದ ಏಜೆಂಟು.
‘ಹೌದ್ರೀ, ಹಾಕ್ಯಾಳ’ ಎಂದ ಇನ್ನೊಂದು ಪಕ್ಷದವನು.
ಬೆಳಗಿನಿಂದ ಆ ಇಬ್ಬರೂ ಒಪ್ಪಿದ್ದು ಇದೊಂದೇ,
ಒಗ್ಗರಣೆಗೆ ಉಪ್ಪು ಕಮ್ಮಿ ಎಂಬುದನ್ನು ಬಿಟ್ಟರೆ.

ವಾಮದೇವಯ್ಯನವರು ಕೈಪಿಡಿ ತೆರೆದರು,
ಕನ್ನಡಕ ಒರೆಸಿ ಜೋರಾಗಿ ಓದಿದರು:
‘ಅಂಥ ಗುರುತು ಈಗಾಗಲೇ ಇದ್ದಲ್ಲಿ
ಅವಕಾಶ ಕೊಡತಕ್ಕದ್ದಲ್ಲ.’
ಅಂಥ ಎಂದರೆ ಎಂಥ?
ಹಿಂದಿನ ಪುಟಕ್ಕೆ ಹೋದರು, ಅಲ್ಲಿ ‘ಮೇಲೆ ಹೇಳಿದಂಥ.’
ಮೇಲೆ ಹೋದರು, ಅಲ್ಲಿ ‘ಅಧಿಕಾರಿಗೆ ಮನವರಿಕೆಯಾದಂತೆ.’
ಆ ಅಧಿಕಾರಿ ತಾವೇ ಎಂದು ತಿಳಿದದ್ದೇ
ಅವರ ಹಣೆಯಲ್ಲಿ ಬೆವರು ಒಡೆಯಿತು.

ನಾನು ಹೈಸ್ಕೂಲಿನಲ್ಲಿ ವ್ಯಾಕರಣ ಹೇಳುವವನು.
‘ಅಂಥ’ ಎಂಬುದಕ್ಕೆ ಸ್ವಂತದ್ದೆಂದು ಏನೂ ಇಲ್ಲ,
ಯಾವುದರ ಕಡೆಗೋ ಬೆರಳು ಮಾಡಿ ನಿಲ್ಲುತ್ತದೆ.
ಇವತ್ತು ಅದಕ್ಕೆ ಸಿಕ್ಕದ್ದು
ಇವಳ ಬೆರಳು.

‘ಇದು ಪ್ಯಾಂಟಿನ ಬಣ್ಣ ಸಾರ, ಹನ್ನೆರಡು ವರ್ಷದ್ದು.
ಹೊಸಾ ಪ್ಯಾಂಟು ಹಳೇದರಂಗ ಮಾಡಾದು ನಮ್ಮ ಕೆಲಸ.
ಮಂಡೀತಾವ ಉಜ್ಜಬೇಕು, ಹರಿಬಾರದು,
ಹರದಂಗ ಕಾಣಬೇಕು.
ನಿಮ್ಮ ಮಸಿ ಏನು ಮಹಾ ತೆಗೀರಿ.
ಹೋದ ಸಲ ರಾತ್ರಿ ಬಂದಿದ್ರು ಯೂನಿಟ್ಟಿಗೆ
ಎರಡು ಬಾಟ್ಲಿ ಬ್ಲೀಚಿಂಗ್ ನೀರು ಬೇಕಂತ.
ಯಾರ ಕಡೇರು, ಹೇಳ್ಲೇನು?’

ಇಬ್ಬರು ಏಜೆಂಟರೂ ಒಟ್ಟಿಗೇ ಕಿಟಕಿಯಾಚೆ ನೋಡಿದರು.
ಅಲ್ಲಿದ್ದದ್ದು ಒಂದು ಬೇವಿನ ಮರ,
ಅದಕ್ಕೆ ನೇತುಬಿದ್ದ ಪೊಲೀಸಿನವನ ಬುತ್ತಿಚೀಲ.

ಅವಳನ್ನು ಒಂದನೇ ತರಗತಿಯ ಬೆಂಚಿಗೆ ಕೂರಿಸಿದರು,
ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು.
ಮೇಲಿನವರಿಗೆ ಫೋನು, ಅವರಿಂದ ಅವರ ಮೇಲಿನವರಿಗೆ.
ಮೂರು ಗಂಟೆಗೆ ಉತ್ತರ ಇಳಿದು ಬಂತು:
‘ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಿ.’
ವಾಮದೇವಯ್ಯನವರು ಅದನ್ನು ಬರೆದುಕೊಂಡು
ಬಹಳ ಹೊತ್ತು ಅದನ್ನೇ ನೋಡಿದರು.
‘ಇವತ್ತು ರಜಾ ಕೊಟ್ಟಾರ್ರಿ, ಕೂಲಿ ಕೊಟ್ಟಿಲ್ಲ’
ಎಂದಳು ಅವಳು, ಯಾರಿಗೂ ಅಲ್ಲ.

ಆರಕ್ಕೆ ಇಪ್ಪತ್ತು ನಿಮಿಷವಿರುವಾಗ
ಅವರಿಗೆ ಏನು ಹೊಳೆಯಿತೋ,
‘ತಾಯಿ, ಕಾಲು ತೋರಿಸು’ ಎಂದರು.
ಸೀರೆ ನಾಲ್ಕು ಬೆರಳು ಎತ್ತಿದಳು.
ಹರಡಿನವರೆಗೂ ನೀಲಿ,
ಆಕಾಶದಲ್ಲಿ ನಿಂತು ಬಂದವಳ ಹಾಗೆ.
‘ಕಾಲಿಗೆ ಯಾವ ಸರಕಾರವೂ ಮಸಿ ಹಚ್ಚುವುದಿಲ್ಲ.
ಮನವರಿಕೆಯಾಯಿತು’
ಎಂದು ಡೈರಿಯಲ್ಲಿ ಬರೆದು ರುಜು ಹಾಕಿದರು, ಕೈ ನಡುಗುತ್ತಿತ್ತು.

ನನ್ನ ಸರದಿ. ಕಡ್ಡಿ ಅದ್ದಿದೆ, ಎಳೆದೆ.
ನೀಲಿಯ ಮೇಲೆ ಗೆರೆ ಕಾಣಲಿಲ್ಲ.
‘ಹಾಕಿದ್ರೇನು?’
‘ಹಾಕಿದೆನಮ್ಮ.’
ಬೆರಳು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.
‘ಕಾಣವಲ್ದು. ಆದ್ರೂ ನೀವು ಹಾಕೀನಂದ್ರ ನಂಬ್ತೀನಿ.
ನಂಬಾಕ ನನಗ ಒಂದು ನಿಮಿಷ ಸಾಕ್ರಿ.’
ಮರೆಯ ಹಿಂದೆ ಹೋದಳು, ಯಂತ್ರ ಉದ್ದಕ್ಕೆ ಕೂಗಿತು.

ರಾತ್ರಿ ಪೆಟ್ಟಿಗೆ ಒಪ್ಪಿಸಿ ಮನೆ ಸೇರಿದಾಗ ಎರಡು ಗಂಟೆ.
ನಲ್ಲಿಯ ಕೆಳಗೆ ಕೈ ಒಡ್ಡಿದೆ:
ಹೆಬ್ಬೆರಳು, ತೋರು, ನಡು, ಮೂರಕ್ಕೂ ಮಸಿ,
ಅಂಗೈಗೂ ಒಂದು ಹನಿ ಜಾರಿತ್ತು.
ದಿನವಿಡೀ ಅಷ್ಟು ಕಣ್ಣುಗಳೆದುರು ಕೂತಿದ್ದೆ.
ಎಷ್ಟು ಸಲ ಹಾಕಿದೆಯೋ ಮಾರಾಯ ಎಂದು
ಯಾರೂ ನನ್ನನ್ನು ಕೇಳಲಿಲ್ಲ.