ಕೈ ತೆಗೆದ ಮೇಲೆ

ಮಂಗಳೂರು ಬಂದರಿನ ಮಹಡಿ ಅಂಗಡಿ. ಮೀಟರಿನ ಮುಳ್ಳು
ಬೆಸ್ಸಿಬಾಯಿಯ ಉಸಿರಿಗೂ ಹಂದಾಡುತ್ತದೆ.
ಸ್ಕ್ರೂಡ್ರೈವರ್ ಬೇಡ, ಕಬ್ಬಿಣ ಸುಳ್ಳು ಹೇಳಿಸುತ್ತದೆ;
ಐಸ್‌ಕ್ರೀಮ್ ಕಡ್ಡಿಯ ತುದಿ ಕೆತ್ತಿ
ಟ್ರಿಮ್ಮರನ್ನು ಕೂದಲೆಳೆಯಷ್ಟು ತಿರುಗಿಸುತ್ತಾಳೆ.

"ಮಾತಾಡಿ, ಮೋನಾಕ."
ದೋಣಿಯಿಂದ ದೋಣಿಗೆ ಕೂಗುವ ಹಾಗೆ ಕೂಗಿದರು.
ಪರದೆಯಲ್ಲಿ ಅಲೆಗಳ ತಲೆ ಚಪ್ಪಟೆ.
"ಮೆಲ್ಲ ಮಾರಾಯ್ರೆ, ಇದು ಅರ್ಧ ವಾಟ್.
ಮನೆಯವರ ಹತ್ತಿರ ಮಾತಾಡುವ ಹಾಗೆ."
ಆ ದನಿ ಹುಡುಕಲು ಅವರಿಗೆ
ತುಸು ಹೊತ್ತು ಹಿಡಿಯಿತು.

ಅಳತೆ ಸರಿ ಬಂತು. ಕೈ ತೆಗೆದಳು,
ತಪ್ಪಿತು.
ಹತ್ತಿರ ನಿಂತ ಮೈಯೂ ಸರ್ಕೀಟಿನದೇ ಭಾಗ.
ಈಗ ಬೇಕೆಂದೇ ಒಂಚೂರು ತಪ್ಪಿನಲ್ಲಿಟ್ಟು
ಹಿಂದೆ ಸರಿದಳು, ಗೋಡೆಯ ತನಕ.
ಮುಳ್ಳು ತಾನಾಗಿ ಗೆರೆಗೆ ಬಂತು.

ಮೊಂತಿ ಹಬ್ಬದಲ್ಲಿ ಉಳಿದ ಮೇಣದಬತ್ತಿ ಉರಿಸಿ
ಕಾಯಿಲಿನ ಸುತ್ತಿಗೆ ಒಂದು ಹನಿ:
ಉಪ್ಪುಗಾಳಿಗೆ ಇನ್ನು ಅಲುಗದು.

ಮೈಕು ಬಿಟ್ಟಿರಲಿಲ್ಲ ಮೋನಾಕ.
ಮೆಲ್ಲಗೆ ಏನೋ ಹೇಳುತ್ತಿದ್ದರು, ಯಾರಿಗೋ.